ಜರಡಿ ಮ್ಯಾಲ ಉಳದ ಕಾಳು

ಚೀಟಿಯೊಳಗ ಆ ಹೆಸರು
ಒಂದು ಸಾಲಿನಾಗ ಹಿಡಿಸಿದ್ದಿಲ್ಲ,
ಅರ್ಧ ಮುರದು ಕೆಳಗ ಇಳಿದಿತ್ತು.
ನಾ ಓದಿದ್ದು ಏಳನೇತ್ತೆ, ಕಮಲಾಪುರದಾಗ.
ಮೂರು ದಿನ ಜಂಪರಿನಾಗ ಇಟ್ಟುಕೊಂಡು ತಿರುಗಿದೆ,
ಬೆವರಿಗೆ ಮಸಿ ಹರಡಿ
ಮೊದಲಿನ ನಾಕು ಅಕ್ಷರ ಉಳದಿದ್ದವು.

ಜಗದೇವಿಗೆ ಒಂಬತ್ತು ವರ್ಷ.
ಹುಟ್ಟಿದ ಮರುದಿನಾನೇ ಹಳದಿ,
ಆಮ್ಯಾಲ ಜ್ವರ ಬಂದಾಗೊಮ್ಮೆ ಹಳದಿ.
ಕಾಮಣಿ ಅಂತ ಬೇರು ತೇಯ್ದು ಕುಡಿಸಿದೆವು,
ತೋಳಿಗೆ ದಾರ ಕಟ್ಟಿಸಿದೆವು,
ಕಬ್ಬಿನ ಹಾಲು, ಮೂಲಂಗಿ, ಉಪ್ಪಿಲ್ಲದ ರೊಟ್ಟಿ.
ಬಸಿರಿದ್ದಾಗ ಏನು ತಿಂದಿ ನೀ, ಅಂತ ಅತ್ತಿ ಕೇಳತಿದ್ದಳು,
ಒಂದ್ಸಲ ಅಲ್ಲ.
ನಾನೂ ನೆನಪು ಮಾಡಿಕೊಳ್ಳತಿದ್ದೆ, ಖರೇನ,
ಏನು ತಿಂದಿದ್ದೆ ಅಂತ.

ದೊಡ್ಡ ದವಾಖಾನಿ. ನಿಖತ್ ಡಾಕ್ಟರ್ ಬಾಯಿ,
ಆಳಂದದಾಕಿ, ನಮ್ಮ ಮಾತು ಬಲ್ಲಾಕಿ,
ಚೀಟಿ ಮಗ್ಗಲಿಗೆ ಸರಸಿ ಪೆನ್ನು ತಗೊಂಡಳು.
ಒಳ್ಳೆ ರಕ್ತದ ಕಣ ಹಿಂಗಿರ್ತಾದ ನೋಡವ್ವ,
ಚಪ್ಪಟಿ, ನಡುವ ತಗ್ಗು,
ಹೆಬ್ಬೆರಳಿಲೆ ಒತ್ತಿದ ಹಿಟ್ಟಿನ ಉಂಡಿಯಂಗ.
ಸಂದಿ ಬಂದರ ಮಡಚಿಕೊಂಡು ಪಾರಾಗ್ತಾದ.
ನಿನ್ನ ಮಗಳದು ಗುಂಡಗದ. ಮಡಚೂದಿಲ್ಲ.
‘ಸ್ಫೀರೋ’ ಅಂದ್ರ ಗುಂಡು, ‘ಸೈಟ್’ ಅಂದ್ರ ಕಣ.
ಇಷ್ಟಽ? ಅಂದೆ.
ಇಷ್ಟು ಸಣ್ಣ ಮಾತಿಗೆ ಅಷ್ಟುದ್ದ ಹೆಸರೇನ್ರಿ?

ಎಲ್ಲಿ ಸಿಗಬೀಳ್ತಾವ ಅವು?
ಜಗದೇವಿ ಎಡಗಡಿ ಪಕ್ಕೆಲುಬಿನ ಕೆಳಗ ಬೆರಳೊತ್ತಿದಳು:
ಇಲ್ಲಿ. ಸ್ಪ್ಲೀನ್. ಕನ್ನಡದಾಗ ಗುಲ್ಮ.
ಆ ಕನ್ನಡನೂ ನನಗ ಹೊಸಾದು.
ರಕ್ತ ಸೋಸೂ ಜಾಗ, ಅಂದಳು.
ಜರಡಿ ಏನ್ರಿ?

ಕಪನೂರಿನ ದಾಲ್ ಮಿಲ್ಲಿನಾಗ
ಹನ್ನೊಂದು ವರ್ಷದಿಂದ ಜರಡಿ ಮುಂದ ನಿಂತಾಕಿ ನಾ.
ಒಡದ ಬ್ಯಾಳಿ ಕೆಳಗ ಇಳೀತಾದ,
ಒಡೀಲಾರದ ಗುಂಡು ತೊಗರಿ ಮ್ಯಾಲೇ ಕುಣೀತಾದ.
ಅದನ್ನ ಬುಟ್ಟಿ ತುಂಬಿ ಮತ್ತ ರೋಲರಿಗೆ ಹಾಕತೀವಿ.
ಸುತ್ತಿಗಿಷ್ಟು ಸಿಪ್ಪಿ ಹೋಗ್ತಾದ,
ಕಾಳು ಸವೀತಾದ, ನುಚ್ಚಾಗ್ತಾದ,
ಹಳದಿ ಧೂಳು ಹುಬ್ಬಿಗೆ, ಮೂಗಿಗೆ, ಸೀರಿ ನಿರಿಗಿಗೆ.

ಹಿಂಗಽ ಆಗ್ತಾದೇನ್ರಿ ಒಳಗ?
ಆಕಿ ತಡದಳು. ಹಿಂಗಽ, ಅಂದಳು.
ಪೊರಿ ಸವದು ಕಣ ಒಡೀತಾದ, ಅದು ಹಿಮೋಲೈಸಿಸ್.
ನೀ ಹೇಳಿದ ಆ ಹಳದಿ ಧೂಳು, ಬಿಲಿರುಬಿನ್.
ಒಡದಂಗ ಒಡದಂಗ ಎಲುಬಿನಾಗ ಹೊಸಾವು ಹುಟ್ಟತಾವ, ಎಳೇವು,
ಅವನ್ನ ಎಣಿಸಿದ್ದು ರೆಟಿಕ್.
ದೊಡ್ಡಾಕಿ ಬ್ಯಾನಿ ಬಿದ್ದರ
ಮಿಲ್ಲಿಗೆ ಆಕಿ ಮಗಳನ್ನ ಕರಸತಾರಲ್ಲರಿ, ಹಂಗ?
ನಿಖತ್ ಬಾಯಿ ನಗಲಿಲ್ಲ.

ಗುಲ್ಮ ತೆಗೀಬಹುದು. ಈಗಲ್ಲ, ನೋಡೋಣು.
ಜರಡಿ ತೆಗದರ
ಹಳ್ಳೂ ಬೀಳ್ತಾವಲ್ಲರಿ ಚೀಲದಾಗ?
ಪೆನ್ನು ಕೆಳಗಿಟ್ಟಳು.
ಬೀಳ್ತಾವ. ಅದಕ್ಕಽ ಮೊದಲ ಲಸಿಕಿ,
ಆಮ್ಯಾಲ ಜ್ವರ ಬಂದರ ಮುಂಜಾನಿತನಕ ಕಾಯಬಾರದು.
ಇದನ್ನ ಕನ್ನಡದಾಗ ಬರದು ಕೊಟ್ಟಳು,
ದೊಡ್ಡ ಅಕ್ಷರದಾಗ.

ಉಳದಿದ್ದು ಹೆರೆಡಿಟರಿ.
ಅದನ್ನ ಆಕಿ ಬಿಡಿಸಲಿಲ್ಲ, ಬರೇ ಕೇಳಿದಳು:
ಮನ್ಯಾಗ ಮತ್ಯಾರಿಗೆ ಕಣ್ಣು ಹಳದಿ?

ಬಸ್ಸಿನಾಗ ಕಿಡಕಿ ಸರಳು ಹಿಡಕೊಂಡು ಕುಂತೆ.
ಗಂಡನ ಊರಾಗ ನಮ್ಮ ಮನಿಗೆ
ಅರಿಷಿಣಗಣ್ಣಿನವರು ಅಂತಾರ.
ರೇಷನ್ ಅಂಗಡ್ಯಾಗೂ ಹಂಗಽ ಕೂಗತಾರ.
ಮಾವನ ಅಪ್ಪ ಪಿತ್ತಗಲ್ಲಿಲೆ ಸತ್ತಿದ್ದ.
ಮೂರು ತಲಿ ಕೂಗಿ ಕೂಗಿ
ಅದು ರೋಗದ ಹೆಸರು ಅಂತ ಯಾರಿಗೂ ಹೊಳೀಲಿಲ್ಲ,
ನನಗೂ.

ರಾತ್ರಿ ಅತ್ತಿಗೆ ಎಲ್ಲಾ ಹೇಳಿದೆ, ಬರೂವಷ್ಟು.
ಏನೂ ಅನಲಿಲ್ಲ, ಎಲಿಗೆ ಸುಣ್ಣ ಹಚ್ಚಿಕೋತ ಕುಂತಳು.
ಎಷ್ಟೋ ಹೊತ್ತಿನ ಮ್ಯಾಲ ನನಗ ಎಚ್ಚರಾದರ
ಮೊಬೈಲಿನ ಬ್ಯಾಟ್ರಿ ಹಚ್ಚಿ
ಮಲಗಿದ ಮಗನ ರೆಪ್ಪಿ ಎತ್ತಿ
ಬಗ್ಗಿ ನೋಡತಿದ್ದಳು ಮುದುಕಿ.
ಯಾರದು, ಅಂತ ಅಂವ ಬೈದು ಮಗ್ಗಲಾದ.
ಬೆಳಕು ಗ್ವಾಡಿ ಮ್ಯಾಲ ಹೋತು,
ಅಲ್ಲೇ ಸ್ವಲ್ಪ ಹೊತ್ತು ನಡಗಿತು.