ಸಾವಿರದ ಇಪ್ಪತ್ತನಾಲ್ಕು ಬಿಂದಿಗೆ

ಹಗಲೆಲ್ಲ ಪಂಪ್‌ಸೆಟ್ ಮೋಟಾರಿಗೆ ತಾಮ್ರ ಸುತ್ತುವ ಕೈ ಇದು.
ರಾತ್ರಿ ಒಂಬತ್ತೂವರೆಗೆ, ಗುತ್ತಲು ರಸ್ತೆ ಸುಮ್ಮನಾಗುವ ಹೊತ್ತಿಗೆ,
ಷಟರ್ ಅರ್ಧ ಇಳಿಸಿ
ಸೋಲ್ಡರಿಂಗ್ ಕಡ್ಡಿ ಕಾಯುವವರೆಗೂ ಕಾಯುತ್ತೇನೆ.

ಚಿಪ್ಪು ಸಿಕ್ಕಿದ್ದು ಮೈಸೂರಿನ ಶಿವರಾಂಪೇಟೆಯಲ್ಲಿ,
ಝಬಿವುಲ್ಲಾ ಸಾಬರ ಗುಜರಿ ಡಬ್ಬದಲ್ಲಿ,
ಯಾವುದೋ ಆರ್ಕೆಸ್ಟ್ರಾದವರ ಸತ್ತ ಮಿಕ್ಸರಿನ ಹೊಟ್ಟೆಯೊಳಗೆ.
ಎಂಟು ಕಾಲು. ಬೆನ್ನ ಮೇಲೆ ಅರ್ಧ ಅಳಿಸಿದ ನಂಬರು.
"ಎಂಬತ್ತು ಕೊಡಮ್ಮ. ನಡೆದರೆ ನಿನ್ನ ಪುಣ್ಯ,
ನಡೀದಿದ್ರೆ ಓಲೆ ಮಾಡ್ಕೊ" ಅಂದರು.

ಇದರೊಳಗೆ ಸಾವಿರದ ಇಪ್ಪತ್ತನಾಲ್ಕು ಮನೆ,
ಮನೆಗೊಂದು ಬಿಂದಿಗೆ.
ಈ ತುದಿಯಲ್ಲಿ ಸುರಿದ ಸದ್ದು
ಕೈಯಿಂದ ಕೈಗೆ, ಕೈಯಿಂದ ಕೈಗೆ
ಆ ತುದಿ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ.
ಆ ತಡಕ್ಕೇ ಮಾರ್ದನಿ ಅನ್ನುವುದು.

ಓದಿ ತಿಳಿದದ್ದಲ್ಲ.
ನಾನು ಆ ಸಾಲಿನಲ್ಲಿ ನಿಂತವಳು.
ಹನ್ನೆರಡು ವರ್ಷ ಆಗ. ಆಲೆಮನೆಯ ರಚ್ಚಿನ ಮೆದೆಗೆ ಬೆಂಕಿ ಬಿದ್ದ ರಾತ್ರಿ
ನಾಲೆಯಿಂದ ಮೆದೆಯವರೆಗೆ ಊರೇ ಒಂದು ಸಾಲು.
ನನ್ನ ಎಡಕ್ಕೆ ನಿಂಗಾಜಮ್ಮ. ಬಲಕ್ಕೆ,
ಯಾರದೋ ಬೀಗರೂಟಕ್ಕೆ ಬಂದಿದ್ದ ಗುರುತಿಲ್ಲದ ಗಂಡಸು,
ರೇಷ್ಮೆ ಶರ್ಟಿನವನು.
ಏರಿಯ ಮೇಲೆ ನಿಂತು ದ್ಯಾವಯ್ಯ ಕೂಗುತ್ತಿದ್ದ:
ಹೂಂ, ಕೊಡು. ಹೂಂ, ಕೊಡು.
ಅವನ ಉಸಿರು ಚುರುಕಾದರೆ ಬಿಂದಿಗೆಗಳು ಓಡುತ್ತಿದ್ದವು,
ಅವನಿಗೆ ಕೆಮ್ಮು ಬಂದರೆ ಸಾಲೇ ತೂಕಡಿಸುತ್ತಿತ್ತು.
ತುಂಬಿ ಹೊರಟದ್ದು ಮುಕ್ಕಾಲಾಗಿ ನನಗೆ,
ನನ್ನ ಲಂಗ ನೆನೆಸಿ ಇನ್ನಷ್ಟು ಕಮ್ಮಿಯಾಗಿ ಅವನಿಗೆ.
ನಡುವೆ ನಿಂತವರಿಗೆ ನೀರಿನ ಮೂಲವೂ ಕಾಣದು, ಬೆಂಕಿಯೂ ಕಾಣದು,
ಪಕ್ಕದವರ ಕೈ ಮಾತ್ರ.
ಮೆದೆ ಬೆಳಗಿನವರೆಗೂ ಉರಿಯಿತು.

ಚಿಪ್ಪಿನಲ್ಲೂ ಹಾಗೇ ಚೆಲ್ಲುತ್ತದೆ.
ಮೊದಲು ಹೋಗುವುದು ಚೂಪು ಸದ್ದು,
ಬಳೆಯ ಕಿಣಿ, ಸಕಾರದ ಅಂಚು.
ಉಳಿಯುವುದು ದಪ್ಪ, ಮಬ್ಬು,
ಕಂಬಳಿಯೊಳಗಿಂದ ಯಾರೋ ಕರೆದ ಹಾಗೆ.

ಇನ್ನು ದ್ಯಾವಯ್ಯನನ್ನೂ ಕಟ್ಟಬೇಕಲ್ಲ!
ಒಂದು ಕೆಂಪು ಎಲ್‌ಇಡಿ,
ಎದುರಿಗೆ, ಬೆಳಕು ಕಂಡರೆ ಬಿಗಿ ಸಡಿಲಿಸುವ ಒಂದು ಎಲ್‌ಡಿಆರ್,
ಎರಡನ್ನೂ ಮುಖಾಮುಖಿ ಕೂರಿಸಿ
ಮೋಟಾರಿಗೆಂದು ತಂದ ಕಪ್ಪು ಸ್ಲೀವಿನೊಳಗೆ ತುರುಕಿದೆ.
ಅಲ್ಲಿ ದೀಪ ನಿಧಾನ ಹತ್ತಿ ನಿಧಾನ ಆರುತ್ತದೆ.
ಕಣ್ಣಿಗೆ ಕಾಣದು, ಕಿವಿಗೆ ಕಾಣುತ್ತದೆ:
ಸಾಲು ಓಡಿದಾಗ ಸ್ವರ ಏರಿ,
ತೂಕಡಿಸಿದಾಗ ಜಾರಿ.

ಮೊದಲ ರಾತ್ರಿ ಏನೂ ಇಲ್ಲ.
ಎರಡನೇ ರಾತ್ರಿ ಬರೀ ಗುಂಯ್, ಅರ್ಥ್ ಎಲ್ಲೋ ಬಿಟ್ಟಿತ್ತು.
ಮೂರನೇ ರಾತ್ರಿ ಮಂಕಾಗಿದ್ದ ಒಂದು ಬೆಸುಗೆಯನ್ನು
ಮತ್ತೆ ಕರಗಿಸಿ, ಊದಿ, ಆರಿಸಿ,
ಸ್ಪಾನರಿನಿಂದ ಖಾಲಿ ಸ್ಟೇಟರ್ ತಟ್ಟಿದೆ.

ಟಣ್.
ಠಣ್
ಠಂ
ದಂ
ಧುಮ್
ಮ್

ಬಂತು! ಬಗ್ಗಿ, ಬಳುಕಿ, ಕುಡಿದವನ ನಡಿಗೆಯಲ್ಲಿ.

ಆಮೇಲೆ ನನಗೆ ದುರಾಸೆ.
ಕೊನೆಯವನು ಬಿಂದಿಗೆಯನ್ನು ಬೆಂಕಿಗೆ ಸುರಿಯದೆ
ಸುತ್ತು ಹಾಕಿ ಮೊದಲಿನವನಿಗೇ ಕೊಟ್ಟರೆ?
ಗುಂಡಿ ತಿರುಗಿಸಿದೆ. ಇನ್ನೂ ತಿರುಗಿಸಿದೆ.
ಒಂದು ಗೆರೆ ದಾಟಿದ ಮೇಲೆ ಚೆಲ್ಲಿದ್ದಕ್ಕಿಂತ ತುಂಬಿದ್ದೇ ಹೆಚ್ಚು.
ಸ್ಪಾನರ್ ಕೆಳಗಿಟ್ಟಿದ್ದೇನೆ, ಸದ್ದು ಬೆಳೆಯುತ್ತಲೇ ಇದೆ,
ನಾಲೆಯೇ ಇಲ್ಲದ ನೀರು,
ಅಂಗಡಿಯ ತಗಡೆಲ್ಲ ನಡುಗುವ ಊಳು.

ಷಟರಿನ ಕೆಳಗಿಂದ ಪಕ್ಕದ ಟೀ ಅಂಗಡಿಯ ಚಲುವರಾಜನ ತಲೆ:
"ಅಕ್ಕೋ, ಒಳಗೇನು ಎಮ್ಮೆ ಈಯ್ತಾ ಅದೆಯಾ?"
ಗುಂಡಿ ಇಳಿಸಿದೆ.
ಮೇಜಿನ ಮೇಲಿನ ತಂತಿಗಳ ಗೋಜಲು ನೋಡಿ ಕೇಳಿದ:
"ಇದ್ಯಾತಕ್ಕೆ ಬತ್ತದೆ?"

ಮೋಟಾರಾದರೆ ಹೇಳಬಹುದಿತ್ತು, ಗದ್ದೆಗೆ ಅಂತ.
ನಾನು ಮೈಕು ಅವನ ಕಡೆ ಸರಿಸಿದೆ.
ಅವನು ಖಾಲಿ ಗ್ಲಾಸಿಗೆ ಚಮಚ ತಾಗಿಸಿದ, ಹುಷಾರಾಗಿ,
ಮಲಗಿದವರು ಎದ್ದಾರು ಅನ್ನುವಂತೆ.
ಕಿಣಿ ಹೋಯಿತು. ಅಂಚು ಹೋಯಿತು.
ದೂರದಲ್ಲೆಲ್ಲೋ ಕೊನೆಯ ಕೈ, ಕೊನೆಯ ಹನಿ.
ಅದೂ ಇಂಗುವವರೆಗೆ ಬಾಯಿ ತೆರೆದು ನಿಂತಿದ್ದು
ಚಮಚ ಮತ್ತೆ ಎತ್ತಿದ:

"ಇನ್ನೊಂದ್ ಕಿತ."