ಕಿವಿಯಳತೆ

ಹಾಲಮ್ಮನ ಬಲಗೈ ಮುರಿದದ್ದು
ಗಾಂಧಿ ಬಜಾರಿನ ಯಾವುದೋ ಅಂಗಡಿಯ ಮೆಟ್ಟಿಲಲ್ಲಿ,
ಕೊತ್ತಂಬರಿ ಬೀಜದ ಪೊಟ್ಟಣ ಎದೆಗೆ ಅವುಚಿಕೊಂಡೇ.
ಪೊಟ್ಟಣ ಒಡೆಯಲಿಲ್ಲ.
ಆರು ವಾರ ಪಟ್ಟಿ ಅಂದರು ಡಾಕ್ಟರು.
ಅದೇ ವಾರ ಸಾರಿನ ಪುಡಿಯ ಡಬ್ಬ ತಳ ಕಂಡಿತು.

"ಅಂಗಡೀದು ತರ್ತೀನಿ" ಅಂದೆ.
ಅವಳು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾಗಿ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ
ಇಪ್ಪತ್ತೊಂಬತ್ತು ವರ್ಷ ಕಬ್ಬಿಣ ಕರಗಿಸಿದ ನಾನು
ಬಾಣಲೆಯ ಮುಂದೆ ನಿಂತೆ
ಮೊದಲ ದಿನದ ಅಪ್ರೆಂಟಿಸ್ ಹುಡುಗನ ಹಾಗೆ
ಒದ್ದೆಯಿಲ್ಲದ ಕೈ ಒರೆಸಿಕೊಳ್ಳುತ್ತ.
ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು
ಅವಳು ಸೂಪರ್‌ವೈಸರು.

"ಎಷ್ಟು ಹೊತ್ತು ಹುರೀಬೇಕು?"
"ಘಮ ಬರೋವರೆಗೆ."
"ನಿಮಿಷ ಹೇಳು."
"ಘಮಕ್ಕೆ ನಿಮಿಷ ಇರುತ್ತೇನ್ರೀ?"

ನನಗೆ ಘಮ ಬರುವುದಿಲ್ಲ.
ಸುಟ್ಟ ಮರಳು, ಕೋಕಿನ ಹೊಗೆ
ಮೂಗನ್ನು ಎಂದೋ ಮುಗಿಸಿವೆ.
ಪಕ್ಕದ ಕುಲುಮೆಯ ಅಲ್ತಾಫನಿಗೆ ಗೊತ್ತಿತ್ತು.
ಇವಳಿಗೆ ಹೇಳಿರಲಿಲ್ಲ.
ಇಷ್ಟು ವರ್ಷ ಒಗ್ಗರಣೆ ಬಿದ್ದಾಗೆಲ್ಲ
ನಾನು "ಆಹಾ" ಅಂದದ್ದು
ಚುರ್ ಎಂಬ ಸದ್ದು ಕೇಳಿ.

ಮೊದಲ ಸಲ ಮೆಂತ್ಯ ಕರಿಕಾಯಿತು.
ಎರಡನೇ ಸಲ ಜೀರಿಗೆ.
"ಮೂಗೆಲ್ಲಿ ಇಟ್ಟಿದೀರಿ?"
ಹೇಳಿದೆ.

ತುಸು ಹೊತ್ತು ಸುಮ್ಮನಿದ್ದಳು.
ಪಟ್ಟಿಯೊಳಗೆ ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಂಡಳು.
ಆಮೇಲೆ ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆಸಿ
ಕಣ್ಣು ಮುಚ್ಚಿದಳು:
"ಹಾಕಿ ಇನ್ನೊಂದು ಹಿಡಿ. ಕೇಳೋಣ."

ಹಸಿ ಕೊತ್ತಂಬರಿಯದು ದಪ್ಪ ದನಿ,
ಸೌಟಿಗೆ ಭಾರ. ಹದಕ್ಕೆ ಬಂದಾಗ ಟೊಳ್ಳು,
ಕಡಲೆಕಾಯಿ ಸಿಪ್ಪೆ ತುಳಿದು ಯಾರೋ ನಡೆದ ಹಾಗೆ.
ಮೆಂತ್ಯ ಟಕ್ಕೆನ್ನುತ್ತದೆ.
ಮೂರನೇ ಟಕ್ಕಿಗೆ ಕೆಳಗಿಳಿಸು.
ಕರಿಬೇವು ಹಳೇ ಪತ್ರದಂತೆ ಸರಬರ.
ಬ್ಯಾಡಗಿ ಮೆಣಸಿನಕಾಯಿ ಮಾತ್ರ ತಾನಾಗಿ ಬಾಯಿ ಬಿಡದು,
ಮುರಿದು ಕೇಳಬೇಕು: ಲಟಕ್.

ಭಾನುವಾರ ಬೆಣ್ಣೆ ಕಾಯಿಸಿದೆವು.
ಕರಗಿದ ಕಬ್ಬಿಣಕ್ಕೆ ಹನಿ ತೇವ ಸಿಕ್ಕರೆ
ಏನಾಗುತ್ತದೆಂದು ನನ್ನ ಮೊಣಕೈಯ ಗುರುತಿಗೆ ಗೊತ್ತು.
ಇಲ್ಲೂ ಅದೇ ಪಾಠ, ಸಣ್ಣ ಪಾತ್ರೆಯಲ್ಲಿ:
ನೀರಿರುವ ತನಕ ಗಲಾಟೆ.
ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ಪಿಸುಪಿಸು,
ಮತ್ತೆ
ಒಮ್ಮೆಗೇ ಮೌನ.
"ಈಗ!" ಅಂದೆವು ಇಬ್ಬರೂ.
ಇನ್ನೊಂದು ಉಸಿರು ತಡೆದಿದ್ದರೆ ಸೀದಿರುತ್ತಿತ್ತು.
ನುಗ್ಗೆಸೊಪ್ಪಿನ ಒಂದು ಎಸಳು ಹಾಕಿದಳು, ಎಡಗೈಯಲ್ಲಿ,
ಕೊನೆಯ ಮಾತು ಅದರದು.

ಮೊಸರಿಗೆ ಮಾತ್ರ ಸದ್ದಿಲ್ಲ.
ಹೆಪ್ಪು ಹಾಕುವ ಹಾಲಿನ ಬಿಸಿ ಬೆರಳಿಗೇ ತಿಳಿಯಬೇಕು,
ನನ್ನ ಬೆರಳುಗಳು ಬೆಂಕಿಗೆ ಒಗ್ಗಿ ಮೊದ್ದು.
ಅದಕ್ಕೆ ಪ್ರತಿ ರಾತ್ರಿ ಊಟವಾದ ಮೇಲೆ
ಪಾತ್ರೆಯನ್ನು ಅವಳ ಬಳಿ ಒಯ್ದೆ.
ಕಿರುಬೆರಳು ಅದ್ದುತ್ತಿದ್ದಳು.
"ಇನ್ನೂ ಸ್ವಲ್ಪ ಆರಲಿ."
ಆರುವ ತನಕ ಅಲ್ಲೇ ಕೂತಿರುತ್ತಿದ್ದೆವು.

ಪಟ್ಟಿ ಬಿಚ್ಚಿದರು. ಒಳಗಿನ ಕೈ ತೆಳ್ಳಗೆ, ಬಿಳಿ,
ಬೇರೆ ಯಾರದೋ ಎಂಬಂತೆ.
ಒಲೆ ಮತ್ತೆ ಅವಳದಾಯಿತು.
ನನ್ನ ಮೊದಲ ಪುಡಿ, ಮೆಂತ್ಯ ಜಾಸ್ತಿಯಾದದ್ದು,
ಅಲ್ತಾಫನ ಮನೆಗೆ ಹೋಗಿತ್ತು. ಅವನು ಚೆನ್ನಾಗಿದೆ ಅಂದ.
ಅವನಿಗೂ ಮೂಗಿಲ್ಲ.

ನಿನ್ನೆ ಸಂಜೆ ಟೀವಿ ನೋಡುತ್ತಿದ್ದೆ.
ಒಳಗಿನಿಂದ ಕೂಗಿದಳು:
"ರೀ, ಒಂಚೂರು ಬನ್ನಿ.
ಸಾಕಾ ಇದು? ಕೇಳಿ ಹೇಳಿ."