ಬೆಳಕು ಇಳಿದಷ್ಟೂ

ಇಪ್ಪತ್ತಾರು ವರ್ಷ ತಾಮ್ರವನ್ನು ಟನ್ನಿನಲ್ಲೇ ಕಂಡವನು ನಾನು.
ಕಿಟ್ವೆಯ ಕುಲುಮೆಯಿಂದ ಹೊರಬಿದ್ದ ಹಲಗೆಗಳು
ಲಾರಿಯೇರಿ ಹೋಗುತ್ತಿದ್ದವು ದಾರ್ ಎಸ್ ಸಲಾಮಿನ ಕಡೆ,
ನಮಗೆ ಬೆನ್ನು ತೋರಿಸಿ.
ಈಗ ವಿಶ್ವವಿದ್ಯಾಲಯದಲ್ಲಿ ಗಾಜು ತೊಳೆಯುತ್ತೇನೆ.
ಚಿಲುಫ್ಯಾ ಎಂಬ ಹುಡುಗಿ
ಹದಿನೇಳು ಮಿಲಿಗ್ರಾಂ ತೂಗಲು
ಉಸಿರು ಬಿಗಿಹಿಡಿಯುವುದನ್ನು ನೋಡುತ್ತೇನೆ.

ಇಷ್ಟೇನಾ? ಅಂದೆ ಮೊದಲ ದಿನ.
ನನ್ನ ಉಗುರಿನ ಸಂದಿಯಲ್ಲೇ ಇದಕ್ಕಿಂತ ಹೆಚ್ಚಿದೆ, ತಾಯಿ.
ಅವಳು ನಗಲಿಲ್ಲ.
ತಕ್ಕಡಿ ನಡುಗುತ್ತೆ, ಮಾತಾಡಬೇಡಿ.

ನೀಲಿ ಉಪ್ಪು ನೀರಿಗೆ ಬಿತ್ತು.
ನಾಲಿಗೆ ಹೊರಳದ ಹೆಸರಿನ ಬಿಳಿ ಪುಡಿಯೊಂದು
ಮದ್ಯಸಾರದಲ್ಲಿ ಕರಗಿ ಹನಿಹನಿಯಾಗಿ ಬಂದು ಕೂಡಿತು.
ಬಣ್ಣ ತಿರುಗಿತು. ಹಸಿರಲ್ಲ, ನೀಲಿಯೂ ಅಲ್ಲ,
ಕಿಟ್ಟದ ಕರಿಗುಡ್ಡದ ಬುಡದಲ್ಲಿ
ಮಳೆ ನಿಂತ ಹೊಂಡದ ಬಣ್ಣ.
ಹುಡುಗರು ಕಿಟ್ಟ ಬಗೆಯಲು ಹೋಗುವ ಜಾಗ ಅದು.
ನನ್ನ ತಂಗಿಯ ಮಗ ಮರಳದ ಜಾಗ.
ಅವಳಿಗೆ ಹೇಳಲಿಲ್ಲ.

ಕುದಿಯುತ್ತಿರುವಾಗಲೇ ಕರೆಂಟು ಹೋಯಿತು.
ಕರೀಬಾದಲ್ಲಿ ನೀರಿಳಿದ ವರ್ಷ.
ಪಾತ್ರೆಗೆ ಟವೆಲು ಸುತ್ತಿ, ಬೆಂಬಾದಲ್ಲಿ ಯಾರನ್ನೋ ಬೈದು,
ಮನೆಗೆ ನಡೆದಳು.
ಮೂರನೆಯ ಬೆಳಗ್ಗೆ ತಳದಲ್ಲಿ ಹರಳು!
ಅವಸರ ಮಾಡಿದ್ದರೆ ಬರೀ ಪುಡಿ ಸಿಗ್ತಿತ್ತು, ಅಂದಳು,
ಬೈದವರನ್ನು ಹೊಗಳುವ ದನಿಯಲ್ಲಿ.

ಆಮೇಲೆ ಫ್ರೀಜರಿನಿಂದ ಬಂತು ಡಿಎನ್‌ಎ, ಬಿಳಿ ನಾರು.
ಕರುವಿನದಂತೆ.
ಯಾವ ಊರ ಕರು? ಕೇಳಿದೆ.
ಸೀಸೆಯ ಮೇಲೆ ನಂಬರು ಮಾತ್ರ ಇತ್ತು.

ತಿರುಚಿದ ಏಣಿ ಅಂತೆ ಅದು. ಮೆಟ್ಟಿಲುಗಳ ನಡುವೆ
ತಾಮ್ರ ತನ್ನ ಚಪ್ಪಟೆ ರೆಕ್ಕೆ ತೂರಿಸುತ್ತದಂತೆ,
ತುಂಬಿದ ಮಿನಿಬಸ್ಸಿನಲ್ಲಿ
ಸ್ವಲ್ಪ ಸರೀರಿ ಎನ್ನುತ್ತ ಐದನೆಯವನು ಕೂತ ಹಾಗೆ.
ಏಣಿಯೇ ಉದ್ದವಾಗುತ್ತದೆ.
ಮೊದಲೇ ಕೂತಿದ್ದ ಕಿತ್ತಳೆ ಹೊಳಪಿನ ಬಣ್ಣ
ಎದ್ದು ಇಳಿಯಬೇಕು; ಇಳಿದರೆ ಅದಕ್ಕೆ ಹೊಳಪಿಲ್ಲ.
ಪರದೆಯ ಮೇಲೆ ಗೆರೆ ಕುಗ್ಗುತ್ತ ಕುಗ್ಗುತ್ತ ಬಂತು.
ಬೆಳಕು ಇಳಿದಷ್ಟೂ ಅವಳ ಮುಖ ಅರಳುತ್ತಿತ್ತು.
ಈ ಊರಲ್ಲಿ ಕತ್ತಲಿಗೆ ಖುಷಿಪಟ್ಟವರನ್ನು
ಅವತ್ತೇ ಕಂಡದ್ದು.

ಇದು ವಾಸಿ ಮಾಡುತ್ತಾ?
ಗೊತ್ತಿಲ್ಲ. ಹಿಡ್ಕೊಳ್ಳುತ್ತೆ, ಅಷ್ಟು ಗೊತ್ತು.

ಅಷ್ಟನ್ನು ಮುಸೊಂಡಾಳ ಬಳೆಯೂ ಮಾಡುತ್ತಿತ್ತು.
ಕೀಲುನೋವಿಗೆಂದು ತೊಟ್ಟ ತಾಮ್ರ.
ಬಳೆ ಕಳಚಿ ಕೊನೆಯ ಸ್ನಾನ ಮಾಡಿಸಿದರೂ
ಮಣಿಕಟ್ಟಿನ ಹಸಿರು ಗೆರೆ ಹೋಗಿರಲಿಲ್ಲ,
ಹೆಂಗಸರು ಬಂದು ಹೇಳಿದರು.

ಗಾಜಿನ ಪುಟ್ಟ ಕೊಳವೆಗಳಿಗೆ ಮೂರು ಸಲ ನೀರು ಸಾಕು
ಎನ್ನುತ್ತಾಳೆ ಚಿಲುಫ್ಯಾ.
ನಾನು ನಾಲ್ಕು ಸಲ ತೊಳೆಯುತ್ತೇನೆ,
ಕಿಟಕಿಗೆ ಹಿಡಿದು ನೋಡುತ್ತೇನೆ.